ಒಂದೇ ರಿಂಗು

ಹಾಲಮ್ಮ ತಂಗಿಯ ಹಣೆಗೆ ವಿಭೂತಿ ಹಚ್ಚುತ್ತಿದ್ದಾಗ ಅಂಗಳದಲ್ಲಿ ಯಾರದೋ ಮೊಬೈಲು ಒಮ್ಮೆ ರಿಂಗಾಗಿ ಸುಮ್ಮನಾಯಿತು. ಅವಳ ಕೈ ಅಲ್ಲೇ ನಿಂತಿತು.

"ಯಾರ್ದ್ರೀ ಅದು? ಆಫ್ ಮಾಡ್ರಿ," ಎಂದ ತಮ್ಮ ಬೆನಕಪ್ಪ.

ತಂಗಿ ನೀಲಾಂಬಿಕ ಜಿನೀವಾದಿಂದ ಹುಟ್ಟೂರು ಬಂದಳಿಕೆಗೆ ಶವದ ಪೆಟ್ಟಿಗೆಯಲ್ಲಿ ಬಂದಿದ್ದಳು. ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಬೇಕು. ಸೆಟೆದ ದೇಹ ಬಾಗಲೊಲ್ಲದು. ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಹಾಲಮ್ಮನ ಮುಖ ನೋಡಿದರು.

"ಮಲಗ್ಲಿ ಬಿಡ್ರಿ. ಊರೂರು ತಿರುಗಿ ದಣದೈತಿ ಜೀವ," ಎಂದಳು ಹಾಲಮ್ಮ.

"ಅಷ್ಟು ದೂರ ಏನ್ ಕೆಲ್ಸ ಇತ್ತವ್ವಾ ಅಕಿಗೆ?" ಎಂದಳು ಪಕ್ಕದ ಮನೆಯ ದುರ್ಗಮ್ಮ.

ಹಾಲಮ್ಮನಿಗೂ ಹೇಳಲು ಬರುತ್ತಿರಲಿಲ್ಲ. ಹೇಳಿದವನು ರಟ್ಟೀಹಳ್ಳಿ ಕಡೆಯಿಂದ ಬಂದಿದ್ದ ಮಹಾಂತೇಶ್. "ಊರಾಗ ಕಲ್ಲು ಕ್ವಾರಿ ಬ್ಯಾಡ ಅಂದಿದ್ದಕ್ಕ ನನ್ನ ಜೈಲಿಗೆ ಹಾಕಿದ್ರು. ಅಕ್ಕಾರು ಅಲ್ಲಿ ವಿಶ್ವಸಂಸ್ಥೆಯಾಗ ದೇಶದೇಶದವರ ಮುಂದ ನನ್ನ ಹೆಸರು ಹಿಡದು, ಯಾಕ ಒಳಗ ಹಾಕೀರಿ ಅಂತ ಕೇಳಿದ್ರು. ನನ್ನಂಥೋರು ಎಲ್ಲಾ ದೇಶದಾಗೂ ಅದಾರ, ಅವರ ಸಲುವಾಗೇ ತಿರುಗೋರು. ಹೊರಗ ಬಂದ ಮ್ಯಾಲೂ ದಿನಾ ಮನಿ ಮುಟ್ಟಿದ ಕೂಡ್ಲೆ ಅಕ್ಕಾರಿಗೆ ಒಂದು ಮಿಸ್ಡ್ ಕಾಲ್ ಕೊಡಬೇಕಿತ್ತು. ಬರಲಿಲ್ಲಂದ್ರ ವಕೀಲರು, ಪೊಲೀಸರು, ಯಾರನ್ನೂ ಮಲಗಾಕ ಬಿಡ್ತಿರಲಿಲ್ಲ."

"ಅದು ನಮ್ಮವ್ವನ ಕಟ್ಟಳೆ ಕಣಪ್ಪ," ಎಂದಳು ಹಾಲಮ್ಮ.

*

ನೀಲಾ ಕಾನೂನು ಓದಲು ಶಿವಮೊಗ್ಗಕ್ಕೆ ಹೊರಟಾಗ ಅವ್ವ ಹೇಳಿದ್ದಳು: "ಮುಟ್ಟಿದ ಕೂಡ್ಲೆ ಒಂದು ರಿಂಗು ಕೊಡು. ನಾವು ಎತ್ತಲ್ಲ. ದುಡ್ಡು ಯಾಕೆ ದಂಡ?" ಅವ್ವ ಅಷ್ಟು ಬಿಗಿ ಕೈಯವಳು.

ಅವ್ವ ಹೋದಳು, ಕಟ್ಟಳೆ ಉಳಿಯಿತು. ನೀಲಾ ಯಾವ ದೇಶಕ್ಕೆ ಹೋದರೂ ಒಂದು ರಿಂಗು ಬರುತ್ತಿತ್ತು. "ಮುಟ್ಟಿದ್ಲು," ಎಂದು ಹಾಲಮ್ಮ ಒಲೆಯ ಕಡೆ ತಿರುಗುತ್ತಿದ್ದಳು. ದನಿ ಕೇಳಲು ಜೀವ ಹಾತೊರೆಯುತ್ತಿತ್ತು. ಆದರೆ ಊರ ಉಸಾಬರಿಯೆಲ್ಲ ಹೊತ್ತವಳಿಗೆ ತನ್ನದೊಂದು ಯಾಕೆ ಎಂದು ತಿರುಗಿ ಮಾಡುತ್ತಿರಲಿಲ್ಲ.

ಕಳೆದ ವಾರ ರಿಂಗು ಒಂದಕ್ಕೇ ನಿಲ್ಲಲಿಲ್ಲ. ಹಾಲಮ್ಮ ರೊಟ್ಟಿ ತಟ್ಟುತ್ತಿದ್ದಳು. "ಮುಟ್ಟಿದ್ಲು ಬಿಡು," ಎಂದುಕೊಂಡಳು. ಅದು ಬಡಿದುಕೊಳ್ಳುತ್ತಲೇ ಇತ್ತು, ಆಮೇಲೆ ನಿಂತಿತು. ಕೈ ತೊಳೆದು ತಿರುಗಿ ಮಾಡಿದರೆ ಯಾರೂ ಎತ್ತಲಿಲ್ಲ. ಮರುದಿನ ನೀಲಾಳ ಆಫೀಸಿನವರು ಬೆನಕಪ್ಪನಿಗೆ ಫೋನು ಮಾಡಿದರು. ಕೋಣೆಯಲ್ಲಿ ಒಬ್ಬಳೇ ಇದ್ದಾಗ ಹೃದಯ ನಿಂತಿತ್ತಂತೆ.

*

ಮಣ್ಣಾದ ಮೇಲೆ ಮಹಾಂತೇಶ್ ಬಸ್ಸಿಗೆ ಹೊರಟ. ಹಾಲಮ್ಮ ತನ್ನ ನಂಬರು ಕೊಟ್ಟಳು. "ಮುಟ್ಟಿದ ಕೂಡ್ಲೆ..."

"ಗೊತ್ತೈತ್ರೀ ಅಕ್ಕಾ."

ದೀಪ ಹಚ್ಚುವ ಹೊತ್ತಿಗೆ ಜನ ಕರಗಿದರು. ಹಾಲಮ್ಮ ಮಡಿಲಲ್ಲಿ ಫೋನು ಇಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಅದು ಬಡಿದುಕೊಂಡಿತು. ಮೊದಲ ರಿಂಗು ಮುಗಿಯುವ ಮೊದಲೇ ಎತ್ತಿಬಿಟ್ಟಳು.

"ಅಯ್ಯ, ಯಾಕ ಎತ್ತಿದ್ರೀ ಅಕ್ಕಾ? ಮುಟ್ಟೇನಿ, ಅಷ್ಟ."

"ಗೊತ್ತಾತಪ್ಪ. ಇಡಬ್ಯಾಡ. ಮಾತಾಡು."

"ಏನ್ ಮಾತಾಡ್ಲಿ?"

"ಏನಾರ. ಮನ್ಯಾಗೆ ಉಣ್ಣಾಕೆ ಏನ್ ಮಾಡ್ಯಾರ?"

ಅತ್ತ ಕಡೆ ಅವನು ರೊಟ್ಟಿ, ಬದನೆಕಾಯಿ ಎಂದು ಶುರು ಮಾಡಿದ. ಹಾಲಮ್ಮ ಎರಡೂ ಕೈಯಲ್ಲಿ ಫೋನು ಹಿಡಿದು ಕಣ್ಣು ಮುಚ್ಚಿ ಹೂಂಗುಟ್ಟುತ್ತಾ ಕೂತಳು.