ಇನ್ನೊಂದು ಸಲ ಕೇಳಬೇಕು

ಹಾಡು ಮುಗಿದಿತ್ತು. ಏನೂ ಆಗಿರಲಿಲ್ಲ.

ಟೊರ್ಮೋದ್ ಬಚ್ಚಲುಮನೆಯ ಕಮೋಡಿನ ಮುಚ್ಚಳದ ಮೇಲೆ ಕೂತು, ಕಿವಿಗೆ ಸಿಕ್ಕಿಸಿಕೊಂಡಿದ್ದ ಇಯರ್‌ಫೋನು ತೆಗೆಯದೆ, ಏನಾದರೂ ಆದೀತೆಂದು ಕಾದ. ಮೂರು ನಿಮಿಷ ಹನ್ನೊಂದು ಸೆಕೆಂಡು. ಹದಿನಾಲ್ಕು ವರ್ಷ ಬಾಯಿ ಮುಚ್ಚಿಕೊಂಡಿದ್ದ ರಾಗ್ನಿ ತ್ವೇತ್ ತನ್ನ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಹಾಡಿದ ಹೊಸ ಹಾಡು. ಮುದುಕಿಯೊಬ್ಬಳು ಪಕ್ಕದ ಮನೆಗೆ ಉಪ್ಪು ಕೇಳಲು ಹೋಗುತ್ತಾಳೆ. ಪಕ್ಕದ ಮನೆಯವರು ಯಾವಾಗಲೋ ಮನೆ ಖಾಲಿ ಮಾಡಿ ಹೋಗಿರುತ್ತಾರೆ. ಖಾಲಿ ಡಬ್ಬಿ ಹಿಡಿದುಕೊಂಡು ಮೆಟ್ಟಿಲಿಳಿದು ಬರುತ್ತಾಳೆ. ಅಷ್ಟೇ ಹಾಡು. ಎರಡನೆಯ ಚರಣಕ್ಕೆ ಮುಂಚೆ ರಾಗ್ನಿ ಉಸಿರೆಳೆದುಕೊಳ್ಳುವುದು ಕೇಳಿಸುತ್ತದೆ. ಆ ಉಸಿರಿನ ಹತ್ತಿರ ತನಗೆ ಏನಾದರೂ ಆಗಬೇಕಾಗಿತ್ತೆಂದು ಅವನಿಗೆ ಗೊತ್ತಿತ್ತು. ಎಲ್ಲಿ ಆಗಬೇಕೆಂಬುದು ಅಷ್ಟು ಖಚಿತವಾಗಿ ಗೊತ್ತಿದ್ದದ್ದೇ ಬಹುಶಃ ತೊಂದರೆ.

ಇನ್ನೊಂದು ಸಲ ಕೇಳಿದ. ಕಾಲು ಜೋಮು ಹಿಡಿಯಿತು. ಆದದ್ದು ಅದೊಂದೇ.

"ಒಳಗೇ ನಿದ್ದೆ ಹೋದ್ಯಾ?" ಹೆಂಡತಿ ಸುನ್ನಿವಾ ಬಾಗಿಲು ಬಡಿದಳು. "ನಂಗೂ ಕೆಲಸಕ್ಕೆ ಹೋಗೋದಿದೆ ಮಾರಾಯ."

ಅಡುಗೆಮನೆಯಲ್ಲಿ ಅವಳು ಬ್ರೆಡ್ಡಿನ ಮೇಲೆ ಕಂದು ಚೀಸನ್ನು ತೆಳ್ಳಗೆ ಹೆರೆದು ಇಬ್ಬರ ಬುತ್ತಿಯನ್ನೂ ಕಟ್ಟುತ್ತಿದ್ದಳು. ಅವಳು ಎದ್ದ ಕೂಡಲೇ ಹಾಡು ಕೇಳಿ ಮುಗಿಸಿದ್ದಳು.

"ಹೇಗಿದೆ?" ಎಂದಳು.

"ನಿನಗೆ ಹೇಗನ್ನಿಸ್ತು?"

"ನಂಗೆ ಸ್ವಲ್ಪ ಅಳು ಬಂತಪ್ಪ. ಡಬ್ಬಿ ಹಿಡ್ಕೊಂಡು ಮೆಟ್ಟಿಲಿಳೀತಾಳಲ್ಲ, ಅಲ್ಲಿ."

"ಹೌದು, ಅಲ್ಲಿ," ಎಂದ ಟೊರ್ಮೋದ್. "ನಂಗೂ ಅಲ್ಲೇ."

ಸುನ್ನಿವಾ ಚಾಕು ನಿಲ್ಲಿಸಿ ಅವನ ಮುಖ ನೋಡಿದಳು. ಏನೋ ಕೇಳುವವಳಿದ್ದಳು. ಕೇಳಲಿಲ್ಲ. ಬುತ್ತಿಯನ್ನು ಕಾಗದದಲ್ಲಿ ಸುತ್ತಿ ಅವನ ಕೈಗಿತ್ತಳು.

ಬಸ್ಸಿನಲ್ಲಿ ಫೋನು ತೆರೆದ. ಟ್ರೋಂಡ್‌ಹೈಮ್ ಊರಿನ ಅರ್ಧ ಜನಕ್ಕೆ ಬೆಳಗಿನಿಂದ ಬೇರೆ ಕೆಲಸವಿರಲಿಲ್ಲವೆಂದು ಕಾಣುತ್ತದೆ. ಅಭಿಮಾನಿಗಳ ಪುಟದಲ್ಲಿ ಮುನ್ನೂರು ಮಾತು ಬಿದ್ದಿದ್ದವು.

"ದೇವರೇ, ಆ ದನಿ ಇನ್ನೂ ಇದೆಯಲ್ಲ."

"ಇದು ದನಿಯಲ್ಲ, ಇಸ್ತ್ರಿ ಮಾಡಿದ ಬಟ್ಟೆ. ಒಂದು ಸುಕ್ಕೂ ಇಲ್ಲ."

"ನಮ್ಮಜ್ಜಿ ಫೋನಿನಲ್ಲಿ ಮಾತಾಡಿದ ಹಾಗಿದೆ. ಅಜ್ಜಿ ಸತ್ತು ಆರು ವರ್ಷ. ಹತ್ತು ಸಲ ಕೇಳಿದೆ."

"ನಿಲ್ಲಿಸುವುದೂ ಒಂದು ಕಲೆ."

"ಉಪ್ಪು ಕಮ್ಮಿ." ಇದನ್ನು ಇನ್ನೂರ ಹನ್ನೆರಡು ಜನ ಮೆಚ್ಚಿದ್ದರು.

ಒಂದೊಂದನ್ನೂ ಓದಿದಾಗ ಇದೇ ತನ್ನ ಅಭಿಪ್ರಾಯವೆನ್ನಿಸುತ್ತಿತ್ತು, ಮುಂದಿನದನ್ನು ಓದುವ ತನಕ. ಕೆಳಗೆ ಯಾರೋ ಬರೆದಿದ್ದರು: "ಟೊರ್ಮೋದ್ ಏನು ಹೇಳುತ್ತಾರೆ ನೋಡೋಣ." ರಾಗ್ನಿಯ ಹಾಡುಗಳ ಬಗ್ಗೆ ಪುಸ್ತಕ ಬರೆದವನು ಅವನೊಬ್ಬನೇ. ಬರೆದು ಇಪ್ಪತ್ತು ವರ್ಷವಾಗಿತ್ತು. ಅದರ ಮರ್ಯಾದೆ ಇನ್ನೂ ನಡೆಯುತ್ತಿತ್ತು. ಮೂರು ಪದ ಬರೆದ, ಅಳಿಸಿದ.

ಹಾಲ್ವಾರ್ಡನ ಫೋನು ಬಂತು. ಹಡಗಿನ ಎಂಜಿನ್ ಕೋಣೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು. ರಾಗ್ನಿಯ ಪ್ರತಿಯೊಂದು ರೆಕಾರ್ಡಿನ ಎರಡೆರಡು ಪ್ರತಿ ಇಟ್ಟುಕೊಂಡಿದ್ದ, ಒಂದು ಕೇಳಲು, ಇನ್ನೊಂದು ಕೇಳದಿರಲು.

"ಕೇಳಿದ್ಯೇನಯ್ಯ?"

"ಹ್ಞೂಂ."

"ಮೋಸ ಕಣಯ್ಯ! ಯಾವನೋ ಮೆಷಿನ್ನಿಗೆ ಹಾಕಿ ದನೀನ ಉಜ್ಜಿಬಿಟ್ಟಿದ್ದಾನೆ. ವಯಸ್ಸಾಯ್ತಾ, ವಯಸ್ಸಾದ ದನೀಲೇ ಹಾಡ್ಲಿ. ನಾನೇನು ಬೇಡ ಅಂದ್ನಾ? ತುಕ್ಕು ಹಿಡಿದ ಹಡಗಿಗೆ ಬಣ್ಣ ಬಳಿದು ಮಾರೋರನ್ನ ನಾನು ನೋಡಿದ್ದೀನಿ. ನೀನು ಹೇಳು, ಮೋಸ ಹೌದೋ ಅಲ್ವೋ?"

"ಮೋಸಾನೇ," ಎಂದ ಟೊರ್ಮೋದ್. ಮಾತು ಎಷ್ಟು ಸಲೀಸಾಗಿ ಬಂತೆಂದರೆ ಒಂದು ಕ್ಷಣ ಅವನಿಗೆ ನಿಜವಾಗಿಯೂ ಸಿಟ್ಟು ಬಂತು.

"ಹಾಗಿದ್ರೆ ಕಾಗದದಲ್ಲಿ ಅದನ್ನೇ ಬರಿ. ಸಂಜೆ ಐದಕ್ಕೆ ಸಿಗೋಣ."

ಸಂಜೆ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ರಾಗ್ನಿ ಬಳಗ ಸೇರಿ ಅವಳಿಗೆ ಕಾಗದ ಬರೆಯುವುದೆಂದು ತಿಂಗಳ ಹಿಂದೆಯೇ ನಿಶ್ಚಯವಾಗಿತ್ತು. ಬರೆಯಬೇಕಾದವನು ಟೊರ್ಮೋದ್.

ಶಾಲೆಯಲ್ಲಿ ಮೊದಲ ಪಾಠಕ್ಕೆ ಹದಿನೆಂಟರ ಹುಡುಗ ಹುಡುಗಿಯರ ಮುಂದೆ ಒಂದು ಪದ್ಯವಿಟ್ಟು, "ನಿಮ್ಮ ಸ್ವಂತ ಅಭಿಪ್ರಾಯ ಬರೆಯಿರಿ," ಎಂದ.

"ಎಷ್ಟು ಪದ?" ಎಂದಳು ಮುಂದಿನ ಸಾಲಿನವಳು.

"ಇನ್ನೂರು."

ಎಲ್ಲರೂ ಬರೆಯತೊಡಗಿದರು. ಇನ್ನೂರು ಪದದ ಸ್ವಂತ ಅಭಿಪ್ರಾಯ ಎಲ್ಲರ ಬಳಿಯೂ ಇದ್ದ ಹಾಗಿತ್ತು. ಅವನು ಕಿಟಕಿಯ ಬಳಿ ನಿಂತ. ಮಾರ್ಚ್ ತಿಂಗಳ ಹಿಮ ಅಂಗಳದ ಅಂಚಿನಲ್ಲಿ ಕಪ್ಪಗಾಗಿ ಬಿದ್ದಿತ್ತು.

ಬಿಡುವಿನಲ್ಲಿ ಗುನ್ವೋರಳ ಫೋನು. ಬಳಗ ಕಟ್ಟಿದವಳೇ ಅವಳು. ರಾಗ್ನಿಗಿಂತ ಒಂದು ವರ್ಷ ದೊಡ್ಡವಳು, ಆಸ್ಪತ್ರೆಯಲ್ಲಿ ದಾದಿಯಾಗಿದ್ದವಳು.

"ಟೊರ್ಮೋದ್, ನಾನು ಬೆಳಗ್ಗೆಯಿಂದ ಸುಮ್ನೆ ಕೂತಿದ್ದೀನಿ ಕಣಪ್ಪ. ಕಾಫಿ ಕೂಡ ಮಾಡ್ಕೊಂಡಿಲ್ಲ. ಆ ಉಸಿರು ಕೇಳಿದ್ಯಾ?"

"ಕೇಳ್ದೆ."

"ಎಷ್ಟು ಜನರ ಕೊನೇ ಉಸಿರು ಕೇಳಿದ್ದೀನಿ ನಾನು. ಇದು ಅದಲ್ಲ. ಇದು ಇನ್ನೂ ಇರ್ಬೇಕು ಅನ್ನೋರ ಉಸಿರು. ಹಾಲ್ವಾರ್ಡ್‌ಗೆ ಇದು ಮೆಷಿನ್ ಅಂತೆ! ಅವನ ತಲೆ! ನೀನು ಹೇಳು."

"ಅವಳ ಅತ್ಯುತ್ತಮ ಹಾಡು," ಎಂದ ಟೊರ್ಮೋದ್. ತನ್ನ ದನಿ ಸ್ವಲ್ಪ ಗದ್ಗದವಾದದ್ದನ್ನು ಕುತೂಹಲದಿಂದ ಗಮನಿಸಿದ.

"ಅದು ಮಾತು. ಅದನ್ನೇ ಬರಿ."

ಫೋನಿಟ್ಟು ಉಪಾಧ್ಯಾಯರ ಕೋಣೆಗೆ ಬಂದರೆ ಸಂಗೀತದ ಮಾರ್ಟೆ, ಮೂವತ್ತು ತುಂಬದವಳು, ಕ್ಯಾರೆಟ್ ಕಡಿಯುತ್ತಾ ಅವನನ್ನೇ ಕಾಯುತ್ತಿದ್ದಳು. "ಕೇಳ್ದೆ ನಿಮ್ಮ ದೇವತೇನ. ಅಲ್ಲಾ, ಅವಳ ಮನೇಲಿ ಯಾರೂ ಇಲ್ವಾ, ಸಾಕಮ್ಮಾ ಅಂತ ಹೇಳೋಕೆ?"

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಟೊರ್ಮೋದ್ ಎಲ್ಲರಿಗಿಂತ ಒಂದು ಚೂರು ಜೋರಾಗಿ ನಕ್ಕ. ನಗು ಮುಗಿದ ಮೇಲೆ ಬುತ್ತಿ ಬಿಚ್ಚಿದ. ಮತ್ತೆ ಸುತ್ತಿಟ್ಟ.

ಮಧ್ಯಾಹ್ನ ಪಾಠವಿರಲಿಲ್ಲ. ಖಾಲಿ ತರಗತಿಯೊಂದರಲ್ಲಿ ಕೂತು ಕಾಗದ ಬರೆಯಲು ತೊಡಗಿದ. "ಪ್ರೀತಿಯ ರಾಗ್ನಿ" ಎಂಬಲ್ಲಿಗೆ ನಿಂತಿತು. ತನ್ನ ಪುಸ್ತಕದ ಮೊದಲ ವಾಕ್ಯ ನೆನಪಾಯಿತು. ಬಳಗದವರಿಗೆಲ್ಲ ಅದು ಬಾಯಿಪಾಠ. "ಆ ಸಂಜೆ ನಾನು ಬದುಕಿನಲ್ಲಿ ಮೊದಲ ಸಲ ನನ್ನ ಸ್ವಂತ ಕಣ್ಣೀರು ಸುರಿಸಿದೆ."

ಆ ಸಂಜೆಗೆ ಅವನಿಗೆ ಹತ್ತೊಂಬತ್ತು. ವಿದ್ಯಾರ್ಥಿ ಭವನ. ಬೆವರು, ಒದ್ದೆ ಉಣ್ಣೆಯ ವಾಸನೆ. ರಾಗ್ನಿ ಬರಿಗಾಲಲ್ಲಿ ನಿಂತು ಹಾಡುತ್ತಿದ್ದಳು. ಇದನ್ನು ನೂರು ಸಲ ಹೇಳಿದ್ದ, ಬರೆದಿದ್ದ, ರೇಡಿಯೋದಲ್ಲಿ ಒಮ್ಮೆ ಓದಿಯೂ ಇದ್ದ. ಈಗ ಖಾಲಿ ಬೆಂಚುಗಳ ನಡುವೆ, ಯಾರಿಗೂ ಹೇಳಬೇಕಾಗಿಲ್ಲದ್ದರಿಂದಲೋ ಏನೋ, ಹೇಳದೆ ಬಿಟ್ಟಿದ್ದ ಒಂದು ವಿಷಯ ನಡುವೆ ಬಂದು ನಿಂತಿತು. ಹಾಡು ಶುರುವಾದಾಗ ಅವನು ಎಡಕ್ಕೆ ತಿರುಗಿ ನೋಡಿದ್ದ. ಪಕ್ಕದಲ್ಲಿ ಗುರುತಿಲ್ಲದ ಹುಡುಗಿಯೊಬ್ಬಳು ನಿಂತಿದ್ದಳು. ಅವಳ ಕೆನ್ನೆ ಒದ್ದೆಯಾಗಿತ್ತು. ಅದನ್ನು ನೋಡಿದ ಮೇಲೆ ಅವನ ಕಣ್ಣು ತುಂಬಿತು.

ಮೊದಲು ನೋಡಿದ್ದು. ಆಮೇಲೆ ತುಂಬಿದ್ದು.

ಆ ಹುಡುಗಿ ಸುನ್ನಿವಾ. "ನೀನೂ ಅತ್ತೆಯಲ್ಲಾ," ಎಂದೇ ಅವಳು ಮಾತು ಶುರು ಮಾಡಿದ್ದಳು. ಆ ಒಂದು ಮಾತಿನ ಮೇಲೆ ಮದುವೆ, ಪುಸ್ತಕ, ಬಳಗ, ಮೂವತ್ತೆಂಟು ವರ್ಷ.

ಟೊರ್ಮೋದ್ ಕಾಗದವನ್ನು ಮಡಿಸಿ ಜೇಬಿಗಿಟ್ಟ. ಹಾಗೇನಿಲ್ಲ, ಎಂದುಕೊಂಡ. ನೆನಪು ಎಂಬುದು ನಂಬುವಂಥ ವಸ್ತುವಲ್ಲ. ಇದನ್ನು ಅವನು ಪ್ರತಿ ವರ್ಷವೂ ಪಾಠದಲ್ಲಿ ಹೇಳುತ್ತಿದ್ದ.

ಐದು ಗಂಟೆಗೆ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಏಳು ಜನ ಸೇರಿದ್ದರು. ಒಂದು ಕಾಲಕ್ಕೆ ನಲವತ್ತು ಜನರಿದ್ದ ಬಳಗ. ಗುನ್ವೋರ್ ಊರುಗೋಲನ್ನು ಗೋಡೆಗೊರಗಿಸಿ ಕಾವಲಿಗೆ ವಾಫಲ್ ಹಿಟ್ಟು ಹುಯ್ಯುತ್ತಿದ್ದಳು. ಹಾಲ್ವಾರ್ಡ್ ಕೋಟು ಬಿಚ್ಚದೆ ಕೂತಿದ್ದ. ಜಗಳ ಆಗಲೇ ಅರ್ಧ ದಾರಿ ಬಂದಿತ್ತು.

"ಸಿಸ್ಟರ್, ನಿನಗೆ ಕಿವಿ ಮಂದ," ಎಂದ ಹಾಲ್ವಾರ್ಡ್.

"ಎಂಜಿನ್ ಪಕ್ಕ ಮಲಗಿ ಕಿವಿ ಹಾಳು ಮಾಡ್ಕೊಂಡವನು ನೀನು. ನಂಗೆ ಹೇಳ್ತೀಯಾ?"

"ಎಂಜಿನ್ ಗೊತ್ತಿರೋದಕ್ಕೇ ಹೇಳ್ತಿರೋದು. ಇದು ಮೆಷಿನ್ನು. ನಾನೊಬ್ನೇ ಹೇಳ್ತಿಲ್ಲ. ಟೊರ್ಮೋದ್‌ನೇ ಬೆಳಗ್ಗೆ ಬಾಯಿಬಿಟ್ಟು ಹೇಳ್ದ, ಮೋಸಾನೇ ಅಂತ."

ವಾಫಲ್ ಕಾವಲಿಯ ಮುಚ್ಚಳ ಗುನ್ವೋರಳ ಕೈಯಲ್ಲೇ ನಿಂತಿತು.

"ಟೊರ್ಮೋದ್ ನಂಗೆ ಹೇಳಿದ್ದು, ಅವಳ ಅತ್ಯುತ್ತಮ ಹಾಡು ಅಂತ."

"ಯಾವಾಗ?"

"ಹತ್ತು ಗಂಟೆಗೆ."

"ನಂಗೆ ಎಂಟಕ್ಕೆ ಹೇಳಿದ್ದು."

ಎಲ್ಲರೂ ಅವನನ್ನು ನೋಡಿದರು. ಹಿಟ್ಟು ಸೀಯುವ ವಾಸನೆ ಬಂತು. ಯಾರೂ ಏಳಲಿಲ್ಲ.

"ಎರಡೂ ಒಂದು ಅರ್ಥದಲ್ಲಿ..." ಎಂದು ಟೊರ್ಮೋದ್ ಶುರು ಮಾಡಿದ. ತರಗತಿಯಲ್ಲಾಗಿದ್ದರೆ ಆ ವಾಕ್ಯ ಹೇಗೋ ದಡ ಸೇರುತ್ತಿತ್ತು.

"ಅರ್ಥ ಬೇಡಪ್ಪ," ಎಂದಳು ಗುನ್ವೋರ್, ಮೆಲ್ಲಗೆ. "ನಿನಗೆ ಹೇಗನ್ನಿಸ್ತು? ಅಷ್ಟು ಹೇಳು ಸಾಕು."

"ಇನ್ನೊಂದು ಸಲ ಕೇಳ್ಬೇಕು."

"ಕೇಳೋಣ," ಎಂದ ಹಾಲ್ವಾರ್ಡ್. "ಅದಕ್ಕೇನಂತೆ."

ಜೋರಾಗಿ ಕೇಳಿಸಲೆಂದು ಫೋನನ್ನು ಗಾಜಿನ ಬಟ್ಟಲಿನೊಳಗಿಟ್ಟು ಹಾಡು ಹಾಕಿದ. ರಾಗ್ನಿಯ ದನಿ ಬಟ್ಟಲಿನಿಂದ ಎದ್ದು ಕೋಣೆಗೆ ಬಂತು. ಟೊರ್ಮೋದ್ ಮೈಯೆಲ್ಲ ಕಿವಿಯಾಗಿ ಕೂತ. ಮೇಜಿನ ಮೇಲಿನ ಸಕ್ಕರೆ ಕಂಡಿತು. ಯಾರದೋ ಬೂಟಿನಿಂದ ಕರಗಿದ ಹಿಮದ ನೀರು ನೆಲದ ಮೇಲೆ ಹರಿಯುವುದು ಕಂಡಿತು. ಉಸಿರು ಹತ್ತಿರ ಬರುತ್ತಿತ್ತು. ಬಂತು. ಗುನ್ವೋರಳ ಮುಖ ನೋಡಿದ. ಅವಳು ಕಣ್ಣು ಮುಚ್ಚಿ, ತುಟಿ ಕಚ್ಚಿಕೊಂಡಿದ್ದಳು. ತನ್ನ ತುಟಿಯೂ ಹಲ್ಲಿಗೆ ಸಿಕ್ಕಿದ್ದು ಗೊತ್ತಾಯಿತು. ಹಾಲ್ವಾರ್ಡನ ಕಡೆ ತಿರುಗಿದ, ದವಡೆ ಬಿಗಿದಿತ್ತು. ತನ್ನ ದವಡೆ ಬಿಗಿಯಿತು. ಮತ್ತೆ ಗುನ್ವೋರ್. ಮತ್ತೆ ಹಾಲ್ವಾರ್ಡ್.

ಹಾಲ್ವಾರ್ಡ್ ಅವನನ್ನೇ ನೋಡುತ್ತಿದ್ದ.

"ಹಾಡು ಕೇಳಯ್ಯ," ಎಂದ. ಸಿಟ್ಟಿನಿಂದಲ್ಲ. "ನಮ್ಮ ಮುಖ ನೋಡ್ಬೇಡ."

ಹಾಡು ತನ್ನ ಪಾಡಿಗೆ ಮುಗಿಯಿತು. ಗುನ್ವೋರ್ ಕಣ್ಣು ತೆರೆದು, ಅವನನ್ನು ನೋಡಿ, ಬೇಗ ಬೇರೆ ಕಡೆ ನೋಡಿದಳು. ವಾರ್ಡಿನಲ್ಲಿ ರೋಗಿಯ ಹೊದಿಕೆ ಸರಿದಾಗ ಹೀಗೇ ಮುಖ ತಿರುಗಿಸುತ್ತಿದ್ದಳೋ ಏನೋ.

ಆಮೇಲೆ ಎಲ್ಲ ಸರಳವಾಯಿತು. ಗುನ್ವೋರ್ ಸೀದ ವಾಫಲನ್ನು ಕೆರೆದು ತೆಗೆದಳು. ಹಾಲ್ವಾರ್ಡ್ ಕೋಟು ಬಿಚ್ಚಿದ.

"ಒಂದು ಕೆಲಸ ಮಾಡೋಣ ಸಿಸ್ಟರ್. ಮೇಲಿನ ಅರ್ಧ ನೀನು ಬರಿ, ಕೆಳಗಿನ ಅರ್ಧ ನಾನು ಬರೀತೀನಿ. ನೀನು ಹೊಗಳು, ನಾನು ಬೈತೀನಿ."

"ಬೈಗುಳಕ್ಕೆ ಜಾಸ್ತಿ ಜಾಗ ಕೊಡಲ್ಲ ನಾನು."

"ಕೊಡ್ಬೇಡ. ಸಣ್ಣಕ್ಷರದಲ್ಲಿ ಬರೀತೀನಿ."

ಎಲ್ಲರೂ ನಕ್ಕರು. ಈ ಸಲ ಟೊರ್ಮೋದನಿಗೆ ನಗಲು ಸ್ವಲ್ಪ ತಡವಾಯಿತು. ಇಬ್ಬರೂ ಒಂದೇ ಹಾಳೆಯ ಮೇಲೆ ಬಗ್ಗಿದರು. ಯಾರೋ ಅವನ ಮುಂದೆ ಜ್ಯಾಮ್ ಸವರಿದ ವಾಫಲ್ ಇಟ್ಟರು. ಅವನಿಗೆ ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿರುತ್ತಿತ್ತು.

"ಸುನ್ನಿವಾ ಕಾಯ್ತಿರ್ತಾಳೆ," ಎಂದು ಎದ್ದ.

"ಹೋಗು, ಹೋಗು," ಎಂದಳು ಗುನ್ವೋರ್. "ಕೊನೇಲಿ ನಿನ್ನ ಹೆಸರೂ ಹಾಕ್ತೀವಿ."

ಹೊರಗೆ ಇನ್ನೂ ಬೆಳಕಿತ್ತು. ಹಗಲು ಕರಗಿದ್ದ ನೀರು ಮತ್ತೆ ಹೆಪ್ಪುಗಟ್ಟತೊಡಗಿತ್ತು; ಜಾರದಿರಲೆಂದು ಚೆಲ್ಲಿದ ಜಲ್ಲಿ ಕಾಲಡಿ ಕರಕರ ಎನ್ನುತ್ತಿತ್ತು. ಸುನ್ನಿವಾಳಿಗೆ ಹೇಳಿಬಿಡಬೇಕು ಎಂದುಕೊಂಡ. ಏನೆಂದು? ನಾನು ಅತ್ತದ್ದು ನಿನ್ನನ್ನು ನೋಡಿ ಎಂದರೆ ಅವಳು ಅದನ್ನು ಪ್ರೀತಿಯೆಂದು ತಿಳಿದಾಳು. ಅವಳ ಮುಖ ಅರಳೀತು. ಆಗ ತನಗೂ ಹಾಗೆಯೇ ಅನ್ನಿಸೀತು. ಅವಳು ಬೆಳಗ್ಗೆ ಕೇಳದೆ ಬಿಟ್ಟದ್ದು ಏನಿರಬಹುದು? ಬಹುಶಃ ಅವಳಿಗೆ ಮೊದಲಿನಿಂದಲೂ ಗೊತ್ತು. ಗೊತ್ತಿರುವುದೋ, ಗೊತ್ತಿಲ್ಲದಿರುವುದೋ, ಯಾವುದು ಹೆಚ್ಚು ಭಯಂಕರವೆಂದು ತೀರ್ಮಾನವಾಗಲಿಲ್ಲ. ಬಸ್ಸೊಂದು ಬಂತು. ಹತ್ತಲಿಲ್ಲ.

ಮೂಲೆಯ ದಿನಸಿ ಅಂಗಡಿಯ ಹೊರಗೆ, ಗೋಡೆಯ ಕೊಕ್ಕೆಗೆ ಒಂದು ನಾಯಿಯನ್ನು ಕಟ್ಟಿದ್ದರು. ಕಂದು ಬಣ್ಣದ, ಯಾವ ತಳಿಯೆಂದು ಹೇಳಲಾಗದ ನಾಯಿ. ಅಂಗಡಿಯ ಗಾಜಿನ ಬಾಗಿಲು ತಾನಾಗಿ ಸರಿಯಿತು. ಚೀಲ ಹಿಡಿದ ಹೆಂಗಸೊಬ್ಬಳು ಹೊರಬಂದಳು. ನಾಯಿ ಛಂಗನೆ ಎದ್ದು ಬಾಲವಾಡಿಸಿತು. ಅವಳು ಹೊರಟುಹೋದಳು. ನಾಯಿ ಕೂತಿತು. ಮುದುಕನೊಬ್ಬ ಬಂದ. ನಾಯಿ ಎದ್ದು ಅಷ್ಟೇ ಸಂತೋಷದಿಂದ ಬಾಲವಾಡಿಸಿತು. ಅವನೂ ಅಲ್ಲ. ಆಮೇಲೆ ಹರಟುತ್ತಾ ಇಬ್ಬರು ಹುಡುಗಿಯರು. ಇಬ್ಬರಿಗೂ ಬೇರೆ ಬೇರೆಯಾಗಿ ಬಾಲವಾಡಿಸಿತು.

ಟೊರ್ಮೋದ್ ಅಲ್ಲೇ ನಿಂತುಬಿಟ್ಟ. ನಾಯಿ ಅವನ ಕಡೆ ತಿರುಗಿ, ಎದ್ದು, ಹಗ್ಗ ಬಿಗಿಯುವ ತನಕ ಮುಂದೆ ಬಂದು, ಬಾಲವಾಡಿಸತೊಡಗಿತು.

"ನಾನಲ್ಲ," ಎಂದ.

ಅದು ನಿಲ್ಲಿಸಲಿಲ್ಲ.

"ಹೇಳಿದ್ನಲ್ಲ, ನಾನಲ್ಲ." ಹತ್ತಿರ ಹೋಗಿ, ಕುತ್ತಿಗೆಯ ಪಟ್ಟಿಯಲ್ಲಿ ಯಾರದಾದರೂ ಹೆಸರಿದೆಯೇ ಎಂದು ಬಗ್ಗಿದ. ಪಟ್ಟಿ ಬರಿದಾಗಿತ್ತು. ಅಂಗಡಿಯೊಳಗೆ ಹಿಂದಿನ ಸಾಲಿನಿಂದ ಒಂದೊಂದಾಗಿ ದೀಪ ಆರಿಸುತ್ತಿದ್ದರು.

ಅವನು ಬಾಗಿಲಿಗೆ ತೀರ ಹತ್ತಿರ ಬಂದಿದ್ದಿರಬೇಕು. ಗಾಜು ಸದ್ದಿಲ್ಲದೆ ಎರಡು ಕಡೆಗೂ ಸರಿದು ತೆರೆದುಕೊಂಡಿತು. ಬೆಚ್ಚಗಿನ ಗಾಳಿ ಬಂತು. ಯಾರೂ ಬರಲಿಲ್ಲ. ನಾಯಿ ಆ ತೆರವಿನ ಕಡೆ ತಿರುಗಿ ಮೈಯೆಲ್ಲ ಬಾಲವಾಗಿ ಕುಣಿಯಿತು. ಟೊರ್ಮೋದನೂ ಬಗ್ಗಿದಲ್ಲಿಂದಲೇ ಮುಖವೆತ್ತಿ, ತುಟಿಯ ಮೇಲೆ ಆಗಲೇ ಮೂಡಿದ್ದ ನಗೆಯೊಂದಿಗೆ, ಅತ್ತ ನೋಡಿದ.