ವಾಪಸ್ ಪಡೆದ ಅರ್ಜಿ

ನವಾಝ್ ಮರಣಪತ್ರವನ್ನು ಗಾಜಿನ ಕೆಳಗಿನ ಸಂದಿಯಿಂದ ಮೂರನೆಯ ಸಲ ಒಳಗೆ ತಳ್ಳಿದ. ಮೊದಲೆರಡು ಸಲ ಪೊಲೀಸಿನವನು ನೋಡದೆಯೇ ಹೊರಗೆ ನೂಕಿದ್ದ. ಈ ಸಲ ಕೈಗೆತ್ತಿಕೊಂಡು ಓದಿದ.

"ಒಳಗಿರುವ ಜಾಬಿರನ ಅಪ್ಪನಾ?"

"ಹೌದು ಸಾರ್. ನನ್ನ ಮಾವ. ನಿನ್ನೆ ಬೆಳಿಗ್ಗೆ ತೀರಿಹೋದ್ರು. ಇವತ್ತು ಮಧ್ಯಾಹ್ನದ ಅಸರ್ ನಮಾಝ್ ಆದ ಮೇಲೆ ದಫನ್. ಇರುವುದು ಒಬ್ಬನೇ ಮಗ. ಮುಖ ನೋಡ್ಲಿಕ್ಕಾದ್ರೂ ಬಿಡಿ."

ನವಾಝ್ ಹಿಂದಿಯಲ್ಲಿ ಹೇಳಿದ್ದನ್ನು ಪಕ್ಕದಲ್ಲಿದ್ದ ಬೋಜಣ್ಣ ಅರಬಿಯಲ್ಲಿ ಇನ್ನೊಮ್ಮೆ ಹೇಳಿದರು. ಮುಲ್ಕಿಯ ಬೋಜಣ್ಣ ಮೂವತ್ತು ವರ್ಷ ತೀರಿಹೋದ ಪಕೀರಬ್ಬರ ಜತೆ ದೋಹಾದ ಇಂಥ ಕಿಟಕಿಗಳ ಮುಂದೆ ನಿಂತವರು. ಯಾವ ಕಿಟಕಿಗೆ ಎಷ್ಟು ಬಗ್ಗಬೇಕು ಎಂಬುದು ಅವರ ಸೊಂಟಕ್ಕೇ ಗೊತ್ತು.

ಪೊಲೀಸಿನವನು ಎದ್ದು ಒಳಗೆ ಹೋದ. ತಿರುಗಿ ಬಂದಾಗ ಮುಖ ಸ್ವಲ್ಪ ಮೆತ್ತಗಾಗಿತ್ತು.

"ಕಬರಸ್ತಾನಕ್ಕೆ ಕರೆತರುತ್ತೇವೆ. ಹತ್ತು ನಿಮಿಷ. ಬೇಡಿ ತೆಗೆಯುವುದಿಲ್ಲ. ಕೇಸಿನ ಮಾತು ಮಾಫಿ, ಆಡಕೂಡದು, ಗೊತ್ತಾಯಿತಾ?"

"ಗೊತ್ತಾಯ್ತು, ಗೊತ್ತಾಯ್ತು."

"ಇನ್ನೊಂದು. ಊರಿಗೆ ಹೋಗುವ ಕಾಗದಕ್ಕೆ ನಿಮ್ಮವನು ಸೈನ್ ಹಾಕುತ್ತಿಲ್ಲ. ಹಾಕಿದರೆ ನಾಲ್ಕು ದಿನದಲ್ಲಿ ವಿಮಾನ. ಇವತ್ತು ಸಂಜೆ ಐದಕ್ಕೆ ಅವಧಿ ಮುಗಿಯುತ್ತದೆ. ಆಮೇಲೆ ಫೈಲು ಕೋರ್ಟಿಗೆ. ಅಲ್ಲಿ ಆರು ತಿಂಗಳೋ, ಎರಡು ವರ್ಷವೋ, ನನಗೂ ಗೊತ್ತಿಲ್ಲ. ಕೇಳಿದರೆ ಅಪ್ಪ ಬೇಡ ಅಂದಿದ್ದಾನೆ ಅನ್ನುತ್ತಾನೆ."

"ಈಗ ಒಂದು ನಿಮಿಷ ಮಾತಾಡ್ಲಾ ಅವನ ಹತ್ರ?"

"ಭೇಟಿ ಭಾನುವಾರ. ಖಲಾಸ್."

ಹೊರಗೆ ಡಿಸೆಂಬರಿನ ಬಿಸಿಲು ಹಿತವಾಗಿತ್ತು. ಬೋಜಣ್ಣ ಕಾರಿನ ಬಾಗಿಲು ತೆಗೆಯುತ್ತ ಹೇಳಿದರು, "ಕಬರಸ್ತಾನದಲ್ಲಿ ಹೇಗಾದ್ರೂ ಮಾಡಿ ಅವನ ಕಿವಿಗೆ ಹಾಕು ಮಾರಾಯ. ಸೈನ್ ಹಾಕ್ಲಿ. ಜೀವ ಒಂದಿದ್ರೆ ಊರಲ್ಲಿ ಮೀನು ಮಾರಿಯಾದ್ರೂ ಬದುಕ್ತಾನೆ."

"ಇಲ್ಲಿಯ ಒಂಬತ್ತು ಗಂಟೆಯ ಹೊತ್ತಿಗೆ ಡೆಲ್ಲಿಯ ಪಾರ್ಲಿಮೆಂಟಿನಲ್ಲಿ ಜಾಬಿರನ ಪ್ರಶ್ನೆ ಬರ್ತದೆ ಬೋಜಣ್ಣ. ಮಂತ್ರಿ ಎಂತ ಹೇಳ್ತಾರೆ ಅಂತ ನೋಡುವಾ. ಮಾಮ ಅದಕ್ಕೇ ಅಲ್ವಾ ಕಾದದ್ದು?"

"ನೋಡು, ನೋಡು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತ ಒಂದು ಮಾತುಂಟು."

ನವಾಝ್ ಕಾರು ಹತ್ತಿ ಬೆಲ್ಟು ಹಾಕಿಕೊಂಡ. ಎರಡು ವಾರದಿಂದ ಅವನು ಒಂದು ವಿಷಯವನ್ನು ಒಳಗೇ ಇಟ್ಟುಕೊಂಡಿದ್ದ. ಅದನ್ನು ಅವನು ಹೆಂಡತಿ ಹಸ್ನಾಳಿಗೂ ಹೇಳಿರಲಿಲ್ಲ.

*

ಪಕೀರಬ್ಬ ಒಂದು ಕಂಪೆನಿಯ ಮಂದೂಬ್. ಎಂದರೆ ಕಂಪೆನಿಯವರ ಕಾಗದಪತ್ರ ಕಂಕುಳಲ್ಲಿಟ್ಟುಕೊಂಡು ಸರಕಾರದ ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆಯುವ ಕೆಲಸದವರು. ಉಪ್ಪಿನಂಗಡಿಯಿಂದ ಬಂದಾಗ ಇಪ್ಪತ್ತೇಳು ವರ್ಷ, ಸಾಯುವಾಗ ಅರವತ್ತೊಂದು. ನಡುವಿನ ಆಯುಷ್ಯವೆಲ್ಲ ಟೋಕನ್ ಹಿಡಿದು ನಿಂತಲ್ಲೇ ಕಳೆಯಿತು. ಯಾರದೋ ವೀಸಾ, ಯಾರದೋ ಮಗುವಿನ ಜನನಪತ್ರ, ಯಾರದೋ ಹೆಂಡತಿಯ ಹೆರಿಗೆಗೆ ರಜೆಯ ಕಾಗದ. ಊರಿನವರಿಗೆ ಏನಾದರೂ ಬೇಕಾದರೆ "ಪಕೀರಬ್ಬಾಕನಿಗೆ ಒಂದು ಫೋನ್ ಹಾಕು" ಎನ್ನುವುದು ವಾಡಿಕೆಯಾಗಿತ್ತು.

ತಮ್ಮ ಸ್ವಂತ ಕೆಲಸದಲ್ಲಿ ಮಾತ್ರ ಅವರು ಒಮ್ಮೆ ಎಡವಿದ್ದರು. ಮದುವೆಯಾದ ಹೊಸತು, ರುಕಿಯಾಳನ್ನು ಕರೆಸಲು ಅರ್ಜಿ ಹಾಕಿ, ತಡೆಯಲಾರದೆ ಇನ್ನೊಂದು ಕಚೇರಿಯಲ್ಲೂ ಒಂದು ಹಾಕಿದರು. ಬೇಗ ಯಾವುದಾಗುತ್ತದೋ ಆಗಲಿ ಅಂತ. ಒಂದೇ ಹೆಸರಿನಲ್ಲಿ ಎರಡು ಅರ್ಜಿ ಕಂಡದ್ದೇ, ಎರಡೂ ರದ್ದಾದವು. ರುಕಿಯಾ ದೋಹಾ ನೋಡಿದ್ದು ಆಮೇಲೆ ಎಂಟು ವರ್ಷಕ್ಕೆ. ಅಷ್ಟರಲ್ಲಿ ಹಸ್ನಾ ಎರಡನೇ ಕ್ಲಾಸು, ಜಾಬಿರ್ ತೊಡೆಯ ಮೇಲಿನ ಕೂಸು. ಅಂದಿನಿಂದ ಪಕೀರಬ್ಬರಿಗೆ ಅದು ಕುರ್‌ಆನಿನ ಮಾತಿನಷ್ಟು ಗಟ್ಟಿ: ಒಂದು ಕೆಲಸಕ್ಕೆ ಒಂದೇ ಕಿಟಕಿ.

ಜಾಬಿರ್ ದೋಹಾದ ವೆಸ್ಟ್ ಬೇಯಲ್ಲಿ ಡ್ರೈವರ್ ಆಗಿದ್ದ. ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಿತು, ನೋಟಿಸು ಕೊಟ್ಟ, ಬಿಟ್ಟ. ಹಳೆಯ ಕಂಪೆನಿಯವರು ಹೊಟ್ಟೆಕಿಚ್ಚಿಗೆ ಇವನು ಓಡಿಹೋದವನು ಅಂತ ಪೊಲೀಸಿಗೆ ಬರೆದುಕೊಟ್ಟರು. ಎರಡು ತಿಂಗಳ ಹಿಂದೆ ರಸ್ತೆಯಲ್ಲಿ ಐಡಿ ತಪಾಸಣೆ ಮಾಡುವಾಗ ಹಿಡಿದು ಒಳಗೆ ಹಾಕಿದರು. ತಪ್ಪು ಒಪ್ಪಿಕೊಂಡು ಸೈನ್ ಹಾಕಿದರೆ ಊರಿಗೆ ಕಳಿಸುತ್ತಾರೆ, ಮತ್ತೆಂದೂ ಈ ದೇಶಕ್ಕೆ ಬರುವ ಹಾಗಿಲ್ಲ. "ಮಾಡದ ತಪ್ಪಿಗೆ ನನ್ನ ಮಗ ಯಾಕೆ ಸೈನ್ ಹಾಕ್ಬೇಕು?" ಎಂದು ಪಕೀರಬ್ಬ ಹಟ ಹಿಡಿದರು. ಎಂಬಸಿಗೆ ಅರ್ಜಿ ಕೊಟ್ಟರು. ಅಲ್ಲಿಯವರು ಕಂಪೆನಿಗೆ ಎರಡು ಪತ್ರ ಬರೆದರು, ಒಂದು ಸಲ ಕರೆಸಿ ಮಾತಾಡಿದರು. ಕೆಲಸ ನಡೆಯುತ್ತಿತ್ತು, ಬಸವನಹುಳುವಿನ ಹಾಗೆ.

ಅಷ್ಟರಲ್ಲಿ ಊರಿನವರ ಮೂಲಕ ವಿಷಯ ಎಂಪಿಯ ಕಿವಿಗೆ ಬಿತ್ತು. ಹೊರದೇಶದ ಪೊಲೀಸು, ಕೋರ್ಟು, ವೀಸಾದಲ್ಲಿ ಸಿಕ್ಕಿಬಿದ್ದವರ ಬಗ್ಗೆ ಚುಕ್ಕೆ ಗುರುತಿನ ಪ್ರಶ್ನೆ, ಮಂತ್ರಿ ಎದ್ದು ನಿಂತೇ ಉತ್ತರ ಕೊಡಬೇಕು, ಜಾಬಿರನ ಹೆಸರೂ ಎತ್ತುತ್ತೇವೆ ಅಂತ ಫೋನು ಬಂತು. ಪಕೀರಬ್ಬ ಆ ದಿನ ಇಡೀ ಬಿಲ್ಡಿಂಗಿಗೆ ಸೀರಣಿಯ ಸಿಹಿ ಹಂಚಿದರು. ರಾತ್ರಿ ಅಳಿಯನನ್ನು ಕರೆದು ಮೆಲ್ಲಗೆ ಹೇಳಿದರು.

"ಎಂಬಸಿಯ ಅರ್ಜಿ ವಾಪಸ್ ತೆಗಿ ನವಾಝ್."

"ಅದು ಯಾಕೆ ಮಾಮ? ಅದರ ಪಾಡಿಗೆ ಅದು ಇರ್ತದಲ್ವಾ?"

"ನಿನಗೆ ಗೊತ್ತಿಲ್ಲ. ಎರಡು ದೋಣಿಗೆ ಕಾಲಿಟ್ಟು ನಾನು ಒಮ್ಮೆ ಮುಳುಗಿದವ. ಈಗ ದೊಡ್ಡ ಕಿಟಕಿ ತೆರೆದಿದೆ. ಚಿಕ್ಕದನ್ನು ಮುಚ್ಚದಿದ್ರೆ ಎರಡೂ ಹೋಗ್ತದೆ."

ಮೊಣಕಾಲು ನೋವಿನಿಂದ ಅವರಿಗೆ ಹೋಗಲಾಗಲಿಲ್ಲ. ನವಾಝನೇ ಹೋದ. ಕೌಂಟರಿನ ಹೆಂಗಸು ಎರಡೆರಡು ಸಲ ಕೇಳಿದಳು, ಖಂಡಿತ ವಾಪಸಾ ಅಂತ. ಮಾಮನಿಗೆ ಗೊತ್ತಿಲ್ಲದ ಸರಕಾರಿ ಕೆಲಸ ಉಂಟಾ ಅಂದುಕೊಂಡು ಇವನು ಖಂಡಿತ ಎಂದ. ಅವಳು ಸೀಲು ಒತ್ತಿದಳು. ಇವನು ಹೊರಗೆ ಬಂದು ಒಂದು ಕರಕ್ ಚಹಾ ಕುಡಿದು ಡ್ಯೂಟಿಗೆ ಹೋದ.

*

ಅಲ್ ವುಕೈರಿನ ಪಕೀರಬ್ಬರ ಫ್ಲ್ಯಾಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಳಗಿನ ಕೋಣೆಯಲ್ಲಿ ಹೆಂಗಸರು ಕುರ್‌ಆನಿನ ಯಾಸೀನ್ ಓದುತ್ತಿದ್ದರು. ರುಕಿಯಾ ಗೋಡೆಗೆ ಒರಗಿ ಕೂತಿದ್ದರು. ನಿನ್ನೆ ಬೆಳಗಿನ ಸುಬಹಿ ನಮಾಝಿಗೆ ಕೈಕಾಲು ತೊಳೆದು ವುಝೂ ಮಾಡುತ್ತ ಕುಸಿದ ಗಂಡನ ತಲೆ ಇದೇ ತೊಡೆಯ ಮೇಲಿತ್ತು. ಅವರು ಅತ್ತು ಮುಗಿಸಿರಲಿಲ್ಲ, ಆದರೆ ಕಣ್ಣು ನವಾಝನ ಕೈಯ ಮೇಲಿತ್ತು.

"ಜಾಬಿರನನ್ನು ಬಿಡ್ತಾರಾ?"

"ದಫನಿಗೆ ಕರ್ಕೊಂಡು ಬರ್ತಾರೆ ಮಾಮಿ."

"ಅಲ್ಹಮ್ದುಲಿಲ್ಲಾ. ಇನ್ನು ಮಂತ್ರಿಯದ್ದು ಹಾಕು. ನಿನ್ನ ಮಾಮ ಅದಕ್ಕೆ ಅಂತ ಅಂಗಿ ಇಸ್ತ್ರಿ ಮಾಡಿಸಿ ಇಟ್ಟಿದ್ರು. ಅವರ ಬದಲಿಗೆ ನಾವು ಕೇಳುವಾ."

ಹಸ್ನಾ ಫೋನನ್ನು ಕಿಟಕಿಗೆ ಆನಿಸಿ ಇಟ್ಟಳು. ಓದುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಸುಮ್ಮನಾದರು. ಮಂತ್ರಿಯದು ಒಳ್ಳೆಯ ಸ್ವರ, ಒಳ್ಳೆಯ ಹಿಂದಿ. ಯಾವ ದೇಶದ ಜೈಲಿನಲ್ಲಿ ಎಷ್ಟು ಜನ, ಎಷ್ಟು ಜನಕ್ಕೆ ವಕೀಲರನ್ನು ಕೊಡಲಾಗಿದೆ ಎಂದೆಲ್ಲ ಓದಿದರು. ಎಂಪಿ ಎದ್ದು, ಕತಾರಿನಲ್ಲಿರುವ ಜಾಬಿರ್ ಎಂಬ ನಮ್ಮ ಹುಡುಗನ ಗತಿಯೇನು ಎಂದು ಗಟ್ಟಿಯಾಗಿ ಕೇಳಿದರು.

"ಹೇಳಿದ್ರು! ಹೆಸರು ಹೇಳಿದ್ರು!" ಎಂದಳು ಹಸ್ನಾ.

ಹಿಂದಿನಿಂದ ಯಾರೋ ಮಂತ್ರಿಯ ಕೈಗೆ ಒಂದು ಚೀಟಿ ಕೊಟ್ಟರು. ಮಂತ್ರಿ ಕನ್ನಡಕ ಏರಿಸಿ ಓದಿದರು. ಮಾನ್ಯ ಸದಸ್ಯರು ಹೇಳಿದ ಪ್ರಕರಣದಲ್ಲಿ ನಮ್ಮ ಅಧಿಕಾರಿಗಳು ಸಕಾಲದಲ್ಲಿ ಕ್ರಮ ಕೈಗೊಂಡಿದ್ದರು. ಆದರೆ ಕುಟುಂಬದವರೇ ಅರ್ಜಿ ವಾಪಸ್ ಪಡೆದಿದ್ದಾರೆ. ಸರಕಾರದ ಮುಂದೆ ಈಗ ಯಾವ ಕೋರಿಕೆಯೂ ಇಲ್ಲ. ಪ್ರಕರಣ ಮುಕ್ತಾಯವಾಗಿದೆ.

ಯಾರೋ ಮೇಜು ಕುಟ್ಟಿದರು. ಸಭಾಧ್ಯಕ್ಷರು ಮುಂದಿನ ಪ್ರಶ್ನೆ ಕರೆದರು. ಅದು ರೈಲ್ವೆ ಮೇಲ್ಸೇತುವೆಯದ್ದು.

ರುಕಿಯಾಳಿಗೆ ಹಿಂದಿ ಅಷ್ಟಕ್ಕಷ್ಟೆ. ಆದರೆ ವಾಪಸ್ ಎಂಬ ಮಾತಿಗೆ ಯಾವ ಭಾಷೆ ಬೇಕು?

"ಯಾರು ವಾಪಸ್ ತಗೊಂಡದ್ದು?"

ಹಸ್ನಾ ಗಂಡನ ಮುಖ ನೋಡಿದಳು, ನೋಡುತ್ತಲೇ ಇದ್ದಳು.

"ನಾನು ಮಾಮಿ," ಎಂದ ನವಾಝ್. "ಮಾಮ ಹೇಳಿದ್ರು. ಕಾಗದ ಕೊಟ್ಟದ್ದು ನಾನು."

"ಯಾ ಅಲ್ಲಾಹ್," ಎಂದು ರುಕಿಯಾ ಎದೆಗೆ ಕೈಯಿಟ್ಟುಕೊಂಡರು. ಬೈಯುತ್ತಾರೆ, ಹೊಡೆಯುತ್ತಾರೆ ಎಂದು ನವಾಝ್ ಕಾದ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಅವನ ಕೈ ಹಿಡಿದು ಹತ್ತಿರ ಎಳೆದುಕೊಂಡರು.

"ಆದದ್ದು ಆಯ್ತು. ಅವರು ಹಾಗೆಯೇ, ಹಟದವರು. ಈಗ ಕೇಳು ಮಗಾ. ಜಾಬಿರನಿಗೆ ಹೇಳು, ಸೈನ್ ಹಾಕ್ಲಿಕ್ಕೆ. ಉಮ್ಮ ಹೇಳಿದ್ದು ಅಂತ ಹೇಳು. ಒಬ್ಬರನ್ನು ಇಲ್ಲಿ ಮಣ್ಣಿಗೆ ಕೊಡ್ತಾ ಇದ್ದೇನೆ, ಇನ್ನೊಬ್ಬನನ್ನು ಕೊಡ್ಲಿಕ್ಕೆ ನನ್ನಿಂದಾಗುದಿಲ್ಲ. ಹೆಂಗಸು ನಾನು ಕಬರಸ್ತಾನಕ್ಕೆ ಬರುವ ಹಾಗಿಲ್ಲ, ನೀನು ಹೇಳ್ಬೇಕು."

"ಹೇಳ್ತೇನೆ ಮಾಮಿ."

"ಮರೀಬೇಡ."

"ಮರೆಯುವ ವಿಷಯವಾ ಮಾಮಿ ಇದು?"

*

ಅಸರ್ ಮುಗಿಯಿತು. ಜನ ಎಷ್ಟು ಸೇರಿತ್ತೆಂದರೆ, ಮಯ್ಯಿತ್ತಿಗೆ ಹೆಗಲು ಕೊಡಲು ಸರದಿ ಸಿಗಲಿಲ್ಲ. ಪಕೀರಬ್ಬ ವೀಸಾ ಮಾಡಿಸಿಕೊಟ್ಟವರು, ಅವರ ಮಕ್ಕಳು, ಯಾವುದೋ ಕಚೇರಿಯ ಪಾಕಿಸ್ತಾನಿ ಟೈಪಿಸ್ಟು, ಇಬ್ಬರು ನೇಪಾಳಿಗಳು. ಬೋಜಣ್ಣ ತಲೆಗೆ ಕರವಸ್ತ್ರ ಕಟ್ಟಿಕೊಂಡು ಅಂಚಿನಲ್ಲಿ ನಿಂತಿದ್ದರು.

ಪೊಲೀಸ್ ಗಾಡಿಯ ಸುಳಿವಿಲ್ಲ. ನವಾಝ್ ನಾಲ್ಕು ಸಲ ಫೋನ್ ಮಾಡಿದ, ಬೆಳಗಿನವನ ಡ್ಯೂಟಿ ಮುಗಿದಿತ್ತು. ಕಬರಸ್ತಾನದವನು ಗಡಿಯಾರ ತೋರಿಸಿದ. ಹಿಂದೆ ಇನ್ನೆರಡು ಮಯ್ಯಿತ್ತು ಕಾಯುತ್ತಿದ್ದವು. ಮಗ ಇಳಿಯಬೇಕಾದ ಕಬರಿಗೆ ಅಳಿಯ ಇಳಿದ. ಮಾಮನ ಮುಖವನ್ನು ಮಕ್ಕಾದ ಕಿಬ್ಲಾದ ಕಡೆ ತಿರುಗಿಸಿ, ಬಟ್ಟೆಯ ಗಂಟು ಬಿಚ್ಚಿ, ಮೇಲೆ ಬಂದ. ಹಾಸುಗಲ್ಲು ಮುಚ್ಚಿದರು.

ಕೊನೆಯ ಕಲ್ಲಿನ ಸಂದಿಗೆ ಹಸಿ ಮಣ್ಣು ಮೆತ್ತುವಾಗ ಬಿಳಿ ಗಾಡಿ ಬಂತು.

ಜಾಬಿರ್ ಓಡಿಕೊಂಡೇ ಬಂದ. ಅವನ ಎಡಗೈಗೆ ತನ್ನ ಕೈ ಸೇರಿಸಿ ಕೋಳ ಹಾಕಿದ್ದ ಪೊಲೀಸಿನವನೂ ಓಡಬೇಕಾಯಿತು. ಮುಚ್ಚಿದ ಕಲ್ಲು ನೋಡಿ ಇಬ್ಬರೂ ನಿಂತರು.

"ಒಂದು ಕಲ್ಲು ತೆಗಿರಿ. ಒಂದೇ ಒಂದು," ಎಂದ ಜಾಬಿರ್.

ನಮಾಝ್ ಮಾಡಿಸಿದ ಉಸ್ತಾದರು ತಲೆ ಅಲ್ಲಾಡಿಸಿದರು. "ಆಗುದಿಲ್ಲ ಮಗಾ. ಮಣ್ಣು ಹಾಕು."

ಅವನು ಬಲಗೈಯಿಂದ ಮೂರು ಹಿಡಿ ಮಣ್ಣು ಹಾಕಿದ. ಅವನು ಬಗ್ಗಿದಾಗಲೆಲ್ಲ ಪೊಲೀಸಿನವನೂ ಬಗ್ಗಿದ. ಮೂರನೆಯ ಹಿಡಿಗೆ ಜಾಬಿರ್ ಅಲ್ಲೇ ಮಂಡಿಯೂರಿ ಸಣ್ಣ ಮಗುವಿನ ಹಾಗೆ ಬಾಯಿ ಬಿಟ್ಟು ಅತ್ತ. ನವಾಝ್ ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈಯಿಟ್ಟ. ಹೇಳು, ಈಗ ಹೇಳು ಎಂದು ಒಳಗಿನಿಂದ ಯಾರೋ ತಿವಿಯುತ್ತಿದ್ದರು.

ಜಾಬಿರನೇ ಕಿವಿಯ ಹತ್ತಿರ ಪಿಸುಗುಟ್ಟಿದ. "ಭಾವ, ಮಂತ್ರಿಯ ಉತ್ತರ ಬಂತಾ?"

"ಬಂತು."

"ಎಂತ ಹೇಳಿದ್ರು?"

ಅಪ್ಪನೇ ಕೈಯಾರೆ ನಿನ್ನ ಬಾಗಿಲು ಮುಚ್ಚಿದರು, ಚಿಲಕ ಹಾಕಿದ್ದು ನಾನು ಎಂದು ಈ ಹಸಿ ಮಣ್ಣಿನ ಮುಂದೆ ಹೇಗೆ ಹೇಳುವುದು? ಮನೆಗೆ ಬಂದವರಿಗೆ ಹೇಳುವ ಹಾಗೆ ಬಾಯಿಂದ ಮಾತು ಜಾರಿತು.

"ನಡೀತಾ ಉಂಟು. ಆಗ್ತದೆ."

ಜಾಬಿರ್ ತೋಳಿನಿಂದ ಕಣ್ಣೊರೆಸಿಕೊಂಡ. ಎರಡು ತಿಂಗಳಲ್ಲಿ ಮೊದಲ ಸಲ ಅವನ ಮುಖ ಬಿಚ್ಚಿಕೊಂಡಿತು. "ಬೆಳಿಗ್ಗೆ ಬಾಪ ಹೋದ್ರು ಅಂತ ಹೇಳಿದಾಗ ಎಲ್ಲ ಮುಗೀತು, ಸೈನ್ ಹಾಕಿಬಿಡುವಾ ಅಂತ ಮಾಡಿದ್ದೆ ಭಾವ. ಪೆನ್ನು ಕೂಡ ಕೇಳಿದ್ದೆ. ಇನ್ನು ಹಾಕುದಿಲ್ಲ. ಬಾಪ ಹೇಳಿದ್ದೇ ಸರಿ."

"ಅದಲ್ಲ ಜಾಬಿರ್, ನೀನು..."

"ಯಲ್ಲಾ, ನಡಿ," ಎಂದ ಪೊಲೀಸಿನವನು. ಭಾಷೆ ಬಾರದಿದ್ದರೂ ಇದು ಕೇಸಿನ ಮಾತು ಎಂದು ಅವನಿಗೆ ಗೊತ್ತಾಗಿತ್ತು. ಕೋಳ ಎಳೆದ. ಅಷ್ಟರಲ್ಲಿ ದುವಾ ಶುರುವಾಯಿತು, ಸುತ್ತಲಿನ ನೂರು ಜನ ಆಮೀನ್ ಎಂದರು, ಆ ದನಿಯಲ್ಲಿ ನವಾಝನ ಮಾತು ಅವನಿಗೇ ಕೇಳಿಸಲಿಲ್ಲ. ಅವನು ಎದ್ದು ಜನರನ್ನು ಸರಿಸುವ ಹೊತ್ತಿಗೆ ಗಾಡಿಯ ಬಾಗಿಲು ಮುಚ್ಚಿತ್ತು. ನಾಲ್ಕು ಗಂಟೆ ಆಗುತ್ತ ಬಂದಿತ್ತು, ಐದಕ್ಕೆ ಸೈನಿನ ಅವಧಿ ಮುಗಿಯುತ್ತಿತ್ತು.

ನವಾಝ್ ಓಡಿದ. ಚಪ್ಪಲಿ ಮರಳಿನಲ್ಲಿ ಬಿದ್ದುಹೋಯಿತು. "ಸೈನ್ ಹಾಕು! ಜಾಬಿರ್, ಸೈನ್ ಹಾಕು! ಉಮ್ಮ ಹೇಳಿದ್ದು!" ಎಂದು ಕಬರಸ್ತಾನವೆಂಬುದನ್ನೂ ಮರೆತು ಕಿರುಚಿದ. ಹೊರಳುತ್ತಿದ್ದ ಗಾಡಿಯ ಕಿಟಕಿಗೆ ಎರಡೂ ಅಂಗೈಯಿಂದ ಬಡಿದ. ಗಾಜು ದಪ್ಪ, ಒಳಗೆ ಎಸಿ. ಜಾಬಿರ್ ತಿರುಗಿ ನೋಡಿದ. ಭಾವ ಬೀಳ್ಕೊಡಲು ಓಡಿಬಂದಿದ್ದಾನೆ ಎಂದುಕೊಂಡು, ತೆರವಾಗಿದ್ದ ಕೈಯನ್ನು ಹಣೆಗೆ ತಾಗಿಸಿ ಸಲಾಂ ಹೇಳಿದ, ಅತ್ತ ಕಣ್ಣಿನಲ್ಲೇ ನಕ್ಕ. ಗಾಡಿ ಗೇಟು ದಾಟಿತು. ಅದರ ಕಿಟಕಿಯ ಮೇಲೆ ಕಬರಿನ ಮಣ್ಣಿನ ಎರಡು ಅಂಗೈಗಳು, ಹತ್ತೂ ಬೆರಳು ಬಿಡಿಸಿಕೊಂಡು, ದೊಡ್ಡ ರಸ್ತೆಯ ಕಡೆ ಹೋದವು.