ಹುಲ್ಲಿನ ಕೊಟ್ಟಿಗೆಯ ಇಟಲಿ ಕಾರು

ಬೇಸಿಗೆ ಮುಗಿಯುತ್ತ ಬಂದು ಗಾಳಿ ದಿಕ್ಕು ಬದಲಿಸಿತ್ತು. ಕೊಯ್ದ ಹುಲ್ಲು ಒಣಗಿ, ಕಟ್ಟುಕಟ್ಟಾಗಿ ಹೊಲದ ಉದ್ದಕ್ಕೂ ಬಿದ್ದಿತ್ತು. ಹೈನುಗಾರ ಬೆಳಗಿನ ಹಾಲು ಕರೆದು ಮುಗಿಸಿದವನೇ ಟ್ರಾಕ್ಟರಿನಲ್ಲಿ ಮೊದಲ ಹೇರು ತಂದು, ಕೊಟ್ಟಿಗೆಯ ಬಾಗಿಲಲ್ಲಿ ನಿಲ್ಲಿಸಿ ಆಕಾಶ ನೋಡಿದ. ಪಡುವಣದಲ್ಲಿ ಮೋಡ ಎಮ್ಮೆಯ ಹಿಂಡಿನ ಹಾಗೆ ಒತ್ತೊತ್ತಾಗಿ ನಿಂತಿತ್ತು. ಸಂಜೆಯೊಳಗೆ ಹುಲ್ಲು ಒಳಗೆ ಬೀಳದಿದ್ದರೆ ಮಳೆಗಾಲವಿಡೀ ಹಸುಗಳಿಗೆ ಬೂಷ್ಟು ಹಿಡಿದ ಮೇವೇ ಗತಿ.

ಆದರೆ ಕೊಟ್ಟಿಗೆಯ ಅರ್ಧವನ್ನು ಒಂದು ಕಾರು ಹಿಡಿದಿತ್ತು.

ಕೆಂಪು ಬಣ್ಣದ, ಇಬ್ಬರೇ ಕೂರುವ, ತಲೆಯ ಮೇಲಿನ ಬಟ್ಟೆಯ ಟಾಪು ಮಡಚಿದರೆ ಆಕಾಶಕ್ಕೆ ಬಾಯಿ ತೆರೆಯುವ ಇಟಲಿಯ ಕಾರು. ಹೆಂಡತಿಯ ತಮ್ಮನದು. ಅಕ್ಕನೊಬ್ಬಳನ್ನು ಬಿಟ್ಟು ಎಲ್ಲರೂ ಅವನನ್ನು ಷೋಕಿ ಎಂದೇ ಕರೆಯುತ್ತಿದ್ದರು. ಕೈಯಲ್ಲಿ ನಾಲ್ಕು ಕಾಸು ಆಡಿದ ಒಂದು ವರ್ಷ ಅದನ್ನು ಕೊಂಡು, ಅಕ್ಕನಿಗೆ ತೋರಿಸಲು ತಂದಿದ್ದ. ಗೇಟಿನ ಮುಂದಿನ ಉಬ್ಬಿಗೆ ಕಾರಿನ ಹೊಟ್ಟೆ ತಗುಲಿ ಕೂತೇಬಿಟ್ಟಿತು. ಟ್ರಾಕ್ಟರಿನಿಂದ ಎಳೆದು ಕೊಟ್ಟಿಗೆಗೆ ತಂದದ್ದೇ ತಂದದ್ದು, ಮತ್ತೆ ಹೊರಗೆ ಬರಲಿಲ್ಲ. ಅದರ ಹತ್ತಿರ ಹುಲ್ಲುಕಡ್ಡಿ ಸುಳಿಯಕೂಡದು, ಬಣ್ಣ ಗೀಚಿಹೋಗುತ್ತದೆ ಎಂದು ಷೋಕಿ ಕಟ್ಟಪ್ಪಣೆ ಮಾಡಿದ್ದ. ಒಬ್ಬರ ವಸ್ತುವನ್ನು ಅವರ ಮಾತಿಲ್ಲದೆ ಮುಟ್ಟದ ಹೈನುಗಾರ ಪ್ರತಿ ವರ್ಷ ಅರ್ಧ ಹುಲ್ಲನ್ನು ಹೊರಗೆ ಒಟ್ಟಿ, ಕೊಳೆಯುವುದನ್ನು ನೋಡುತ್ತ ಬಂದಿದ್ದ. ಗೊಣಗಿದರೆ ಹೆಂಡತಿ, "ಅದೇನು ಮೇವು ಕೇಳುತ್ತಾ? ಸುಮ್ನೆ ನಿಂತಿದೆ, ನಿಲ್ಲಲಿ ಬಿಡ್ರೀ," ಎನ್ನುತ್ತಿದ್ದಳು.

ಈ ವರ್ಷ ಅವನು ಊಟ ಬಿಟ್ಟು ಕೂತ ಮೇಲೆ ಅವಳೇ ಕಾರು ಮಾರಿಬಿಡು ಎಂದು ತಮ್ಮನಿಗೆ ಹೇಳಿಕಳಿಸಿದಳು. ಷೋಕಿ ಜಾಹೀರಾತು ಕೊಟ್ಟ: ಅಪರೂಪದ ಇಟಲಿ ಕಾರು, ಓಡಿದ್ದು ಬಹಳ ಕಡಿಮೆ. ಇವತ್ತು ಒಬ್ಬ ಹಲ್ಲಿನ ಡಾಕ್ಟರು ನೋಡಲು ಬರುವವರಿದ್ದರು.

ಬೆಳಿಗ್ಗೆಯೇ ಬಂದ ಷೋಕಿ ಹೈನುಗಾರನನ್ನು ಪಕ್ಕಕ್ಕೆ ಕರೆದ. "ಭಾವ, ನಿಮ್ಮ ಕಾಲಿಗೆ ಬೀಳ್ತೀನಿ. ಇದು ಹಸು ಅಲ್ಲ. ನೀವು ಬಾಯಿ ಬಿಡಬೇಡಿ."

ಹಾಗೆ ಹೇಳಲು ಕಾರಣವಿತ್ತು. ದನ ಮಾರುವಾಗ ಬೆಲೆಗೆ ಮೊದಲು ಕುಂದು ಹೇಳುವುದು ಈ ಮನೆಯಲ್ಲಿ ಅಜ್ಜನ ಕಾಲದಿಂದ ಬಂದ ರೂಢಿ. ಒದೆಯುವ ಹಸುವನ್ನು ಒದೆಯುತ್ತದೆ ಎಂದೇ, ಒಂದು ಮೊಲೆ ಬತ್ತಿದ್ದರೆ ಬತ್ತಿದೆ ಎಂದೇ ಮಾರಬೇಕು. ಮುಚ್ಚಿಟ್ಟು ಮಾರಿದ ದನ ಕನಸಿನಲ್ಲಿ ಬಂದು ಅಂಬಾ ಎನ್ನುತ್ತದಂತೆ. ಹೈನುಗಾರ ತುಟಿ ಬಿಗಿದು ತಲೆಯಾಡಿಸಿದ.

ಡಾಕ್ಟರು ಬಂದರು. ಬಿಳಿ ಅಂಗಿಯ, ಮೆಲುದನಿಯ ಮನುಷ್ಯ. ಕಾರನ್ನು ಕಂಡವರೇ, ತೊಟ್ಟಿಲಲ್ಲಿ ಮಗು ಮಲಗಿದೆಯೇನೋ ಎಂಬಂತೆ ದನಿಯನ್ನು ಇನ್ನೂ ತಗ್ಗಿಸಿದರು. ಒಳಗೆ ಕೂತು ಸ್ಟೀರಿಂಗ್ ಹಿಡಿದು, ನಿಂತ ಕಾರನ್ನೇ ಎರಡು ತಿರುವು ದಾಟಿಸಿದರು. ಷೋಕಿ ಇಟಲಿಯ ಕೈಕೆಲಸ, ಗಾಳಿಗೆ ಹಾರುವ ಕೂದಲು ಎಂದೆಲ್ಲ ಪುರಾಣ ಬಿಚ್ಚಿದ. ಡಾಕ್ಟರ ತಲೆಯಲ್ಲಿ ಹಾರಲು ಕೂದಲಿರಲಿಲ್ಲ. ಹೈನುಗಾರ ಮೋಡವನ್ನೊಮ್ಮೆ, ಇವರನ್ನೊಮ್ಮೆ ನೋಡುತ್ತ ನಿಂತಿದ್ದ.

"ಇಷ್ಟು ಕಡಿಮೆ ಓಡಿದೆಯಲ್ಲ, ಯಾಕೆ ಯಜಮಾನ್ರೇ?" ಡಾಕ್ಟರು ಅವನತ್ತಲೇ ತಿರುಗಿ ಕೇಳಿದರು.

ಷೋಕಿ ಕೆಮ್ಮಿದ. ಆದರೆ ಕೇಳಿದ ಮೇಲೂ ಮುಚ್ಚಿಟ್ಟರೆ ಅದು ಸುಳ್ಳೇ ಆಯಿತಲ್ಲ.

"ಓಡಲ್ಲ, ಅದಕ್ಕೇ," ಎಂದ ಹೈನುಗಾರ.

ಆಮೇಲೆ ಕಟ್ಟೆ ಒಡೆಯಿತು. ಗೇಟಿನ ಉಬ್ಬು, ಟ್ರಾಕ್ಟರ್ ಎಳೆದದ್ದು, ಬ್ಯಾಟರಿ ಸತ್ತದ್ದು, ಒಂದೂ ಬಿಡದೆ ಹೇಳಿದ. ಕೊನೆಗೆ ಹಿಂದೆ ಹೋಗಿ ಮಡಚಿಟ್ಟ ಟಾಪನ್ನು ಬಿಡಿಸಿ ಎತ್ತಿ ಹಿಡಿದ. ಇಲಿಗಳು ಅದರಲ್ಲಿ ಸಂಸಾರ ಹೂಡಿ ಎದ್ದುಹೋಗಿದ್ದವು. ತೂತುಗಳಲ್ಲಿ ಡಾಕ್ಟರ ಮುಖ ಮೂರು ಕಡೆ ಕಂಡಿತು.

"ಅಕ್ಕಾ, ನಿನ್ನ ಗಂಡನ ಬಾಯಿಗೆ ಬೀಗ ಇಲ್ವಾ?" ಎಂದ ಷೋಕಿ ಗೋಡೆಗೆ ಒರಗಿ.

"ಬಾಯಿ ವಿಷಯ ಡಾಕ್ಟರನ್ನೇ ಕೇಳಪ್ಪ," ಎಂದಳು ಬಾಗಿಲಲ್ಲಿ ನಿಂತಿದ್ದ ಅಕ್ಕ.

ಡಾಕ್ಟರು ಮಾತ್ರ ಸೀಟು ಬಿಟ್ಟು ಏಳಲಿಲ್ಲ. ಮನಸೋತವನಿಗೆ ಕುಂದು ಹೇಳಿ ಏನು ಫಲ? ಷೋಕಿ ಹೇಳಿದ ಬೆಲೆಯಲ್ಲಿ ಟಾಪಿನದು, ಬ್ಯಾಟರಿಯದು ಕಳೆದು, ಉಳಿದದ್ದನ್ನು ಕೂತಲ್ಲೇ ಮೊಬೈಲಿನಿಂದ ಕಳಿಸಿಬಿಟ್ಟರು. ಷೋಕಿಯ ಜೇಬು ಟಿಣ್ ಎಂದಿತು. ಬೆನ್ನಿಗೇ ಆಕಾಶ ಗುಡುಗಿತು.

ಡಾಕ್ಟರ ಮುಖ ಹುಳ್ಳಗಾಯಿತು. ಓಡದ, ಮೇಲೆ ಮುಚ್ಚಿಗೆಯಿಲ್ಲದ ಕಾರನ್ನು ಈ ಮಳೆಯಲ್ಲಿ ಒಯ್ಯುವುದು ಹೇಗೆ? ಮಳೆಗಾಲ ಕಳೆಯುವ ತನಕ ಇಲ್ಲೇ ಇರಬಹುದೇ ಎಂದು ಸಂಕೋಚದಿಂದ ಕೇಳಿದರು.

ಹೈನುಗಾರ ಬಾಗಿಲಾಚೆ ನೋಡಿದ. ಕಾರು ಮಾರಿಹೋಯಿತು, ಜಾಗ ಬಿಡಲಿಲ್ಲ. ಹೊರಗೆ ಹೇರು ಹಾಗೇ ನಿಂತಿದೆ, ಹೊಲದಲ್ಲಿ ಉಳಿದ ಹುಲ್ಲು ಬಿದ್ದಿದೆ. ಬೇಡವೆನ್ನಲು ಬಾಯಿ ತೆರೆದವನಿಗೆ ಆಗ ಹೊಳೆಯಿತು: ಕಾರಿನ ಧಣಿ ಈಗ ಬೇರೆ.

"ಇರಲಿ ಡಾಕ್ಟ್ರೇ. ಆದ್ರೆ ಅದರ ಮೇಲೆ ಹುಲ್ಲು ಒಟ್ಟಬಹುದಾ?"

ಷೋಕಿ ಅಡ್ಡಬಾಯಿ ಹಾಕುವಷ್ಟರಲ್ಲಿ ಡಾಕ್ಟರು, ಕಂಬಳಿ ಹೊದಿಸಿ ಒಟ್ಟಿದರಾಯಿತು, ಬೆಚ್ಚಗಿರುತ್ತದೆ ಎಂದರು. ಎಂದವರು ಅಂಗಿಯ ತೋಳು ಮಡಚಿ ತಾವೇ ಒಂದು ಕಟ್ಟು ಎತ್ತಿದರು. ಹೆಂಡತಿ ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ತಂದು ಹೊದಿಸಿದಳು. ಷೋಕಿ ಮೊಬೈಲ್ ಕಿವಿಗಿಟ್ಟುಕೊಂಡು ಮೆಲ್ಲಗೆ ಗೇಟಿನತ್ತ ಸರಿದ.

"ಎಲ್ಲಿಗೋ? ದುಡ್ಡು ಬಂತು, ಸೊಂಟ ಬಗ್ಗಲ್ವಾ?" ಎಂದು ಅಕ್ಕ ಕೂಗಿದಳು. ಅವಳ ಬಾಯಿಂದ ಅಂಥ ಮಾತು ಎಂದೂ ಕೇಳಿರದ ತಮ್ಮ ತಿರುಗಿ ಬಂದು ಹುಲ್ಲಿಗೆ ಕೈಹಾಕಿದ.

ಕೊನೆಯ ಹೇರು ಒಳಗೆ ಬಿದ್ದಾಗ ಹನಿ ಶುರುವಾಗಿತ್ತು. ಕಾರಿನ ಸುಳಿವೇ ಇರಲಿಲ್ಲ. ತಲೆಯ ತುಂಬ ಹುಲ್ಲುಕಡ್ಡಿ ಹೊತ್ತ ಡಾಕ್ಟರು, ಹಾಗಾದರೆ ಒಯ್ಯಲು ಯಾವಾಗ ಬರಲಿ ಎಂದು ಕೇಳಿದರು.

ಹೈನುಗಾರ ಹಸುಗಳತ್ತ ಕೈ ತೋರಿಸಿದ. "ಅವನ್ನ ಕೇಳಬೇಕು. ತಿಂದು ತಿಂದು ಕಾರಿನ ತನಕ ಬಂದಾಗ ಹೇಳಿಕಳಿಸ್ತೀನಿ."

ಡಾಕ್ಟರು ಹೋದ ಮೇಲೆ ಷೋಕಿ ಜಗಲಿಯಲ್ಲಿ ಕೂತು ಅಂಗೈಯ ಬೊಕ್ಕೆಗಳನ್ನು ಅಕ್ಕನಿಗೆ ತೋರಿಸತೊಡಗಿದ. ಇಷ್ಟು ವರ್ಷ ಕೊಳೆತ ಹುಲ್ಲಿನ ಬಗ್ಗೆ ಒಂದು ಮಾತಾದರೂ ಆಡಿಯಾನು ಎಂದು ಹೈನುಗಾರ ಸ್ವಲ್ಪ ಹೊತ್ತು ಕಾದ. ಉರಿಗೆ ಹಚ್ಚಲು ಏನಾದರೂ ಇದೆಯಾ ಎಂದಷ್ಟೇ ಷೋಕಿ ಕೇಳಿದ. ಹೈನುಗಾರ ಎದ್ದು, ಹಸುಗಳ ಕೆಚ್ಚಲಿಗೆ ಹಚ್ಚುವ ಮುಲಾಮಿನ ಡಬ್ಬಿಯನ್ನು ತಂದು ಅವನ ಮುಂದೆ ಇಟ್ಟು, ಸಂಜೆಯ ಹಾಲು ಕರೆಯಲು ಹೋದ.